ಡಾಂಬರಿಗೂ ಸೈ, ಮಣ್ಣಿಗೂ ಸೈ

ನಿವೃತ್ತನಾದ ಮರುವರ್ಷ ನಾನೊಂದು ಸೈಕಲ್ಲು ಕೊಂಡೆ. ಮುಂಚಕ್ರಕ್ಕೆ ದಪ್ಪ ಸ್ಪ್ರಿಂಗು, ೨೧ ಗೇರು, ಸೋಫಾದಂಥ ಸೀಟು. ಬಣ್ಣಕ್ಕೆ ಮರುಳಾದೆನೆಂದು ಒಪ್ಪಿಕೊಳ್ಳಲು ಈಗ ಸಂಕೋಚವಿಲ್ಲ. ಮೂರು ತಿಂಗಳಲ್ಲಿ ಮೊಣಕಾಲು ಹಿಡಿದುಕೊಂಡಿತು. ಸೈಕಲ್ಲು ಹಿತ್ತಿಲು ಸೇರಿತು. "ಬಟ್ಟೆ ಹರವಲು ಒಂದು ಅನುಕೂಲವಾಯಿತು ಬಿಡಿ" ಎಂದಳು ನನ್ನಾಕೆ.

ಈಗ ನೆರೆಮನೆಯ ಗೆಳೆಯರು ಅದೇ ಸಾಹಸಕ್ಕೆ ಹೊರಟಿದ್ದಾರೆ. ಅವರ ತೋಟಕ್ಕೆ ಆರು ಕಿಲೋಮೀಟರು ಡಾಂಬರು ರಸ್ತೆ, ಬಳಿಕ ನಾಲೆಯ ಏರಿಯ ಮೇಲೆ ಎರಡು ಕಿಲೋಮೀಟರು ಮಣ್ಣುದಾರಿ. "ಎರಡಕ್ಕೂ ಸಲ್ಲುವಂಥದ್ದು ಯಾವುದು, ಸ್ವಾಮಿ?" ಎಂದು ಕೇಳಿದರು. ಅವರಿಗೆ ಹೇಳಿದುದನ್ನೇ ವಾಚಕರ ಮುಂದೂ ಇಡುತ್ತೇನೆ.

ಮೊದಲು ನೋಡಬೇಕಾದುದು ಟೈರನ್ನು. ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಬಂಡಿಗೆ ಗಾಳಿ ತುಂಬಿದ ರಬ್ಬರು ಕೊಳವೆ ಕಟ್ಟಿ, ೧೮೮೮ರಲ್ಲಿ ಪೇಟೆಂಟು ಪಡೆದನಷ್ಟೆ. ಸವಾರನ ಬೆನ್ನನ್ನು ಇಂದಿಗೂ ಮುಖ್ಯವಾಗಿ ಕಾಯುತ್ತಿರುವುದು ಆ ಗಾಳಿಯೇ. ಟೈರಿನ ಪಕ್ಕದಲ್ಲಿ '೪೦-೬೨೨' ಎಂಬಂಥ ಅಂಕಿ ಅಚ್ಚಾಗಿರುತ್ತದೆ. ಮೊದಲನೆಯದು ಮಿಲಿಮೀಟರುಗಳಲ್ಲಿ ಟೈರಿನ ಅಗಲ. ಎರಡನೆಯದು ಅದು ಕೂರುವ ರಿಮ್ಮಿನ ವ್ಯಾಸ. ಪಂದ್ಯದ ಸೈಕಲ್ಲಿನ ೨೫ ಮಿಲಿಮೀಟರಿನ ಟೈರು ಸಡಿಲ ಮಣ್ಣಿನಲ್ಲಿ ಹೂತುಕೊಳ್ಳುತ್ತದೆ. ಬೆಟ್ಟದ ಸೈಕಲ್ಲಿನ ೫೫ರ ಟೈರೋ, ಡಾಂಬರಿನ ಮೇಲೆ ಗೊರಗುಟ್ಟುತ್ತ ಕಾಲಿನ ಬಲವನ್ನು ತಿನ್ನುತ್ತದೆ. ನಮ್ಮಂಥವರಿಗೆ ೩೮ರಿಂದ ೪೫ ಸಾಕು. ನಡುವೆ ನಯವಾಗಿ, ಅಂಚಿನಲ್ಲಿ ಸಣ್ಣ ಹಲ್ಲುಗಳಿರಲಿ. ಗಾಳಿಯನ್ನು ಕಲ್ಲಿನಂತೆ ತುಂಬಿಸಬಾರದು. ಟೈರಿನ ಮೇಲೆಯೇ ಮಿತಿ ಬರೆದಿರುತ್ತದೆ. ಅದರೊಳಗೆ, ಮಣ್ಣುದಾರಿಗೆ ತುಸು ಕಡಮೆ.

ಅಗ್ಗದ ಸ್ಪ್ರಿಂಗು ಫೋರ್ಕು ಎರಡು ಕಿಲೋಗೂ ಮಿಗಿಲಾಗಿ ತೂಗುವುದುಂಟು. ಏರಿನಲ್ಲಿ ಎದ್ದು ತುಳಿದರೆ ತಾನೂ ತಗ್ಗುತ್ತ ಏಳುತ್ತ ಆ ಶಕ್ತಿಯಲ್ಲಿ ಪಾಲು ಕೇಳುತ್ತದೆ. ಅದಿಲ್ಲದಿದ್ದರೆ ನಮಗೇನೂ ನಷ್ಟವಿಲ್ಲ. ಗೇರುಗಳನ್ನು ಎಣಿಸುವುದೂ ವ್ಯರ್ಥ. ಅತಿ ಹಗುರವಾದ ಗೇರಿನಲ್ಲಿ ಏರು ಹತ್ತಲಾಗುವುದೇ ಎಂಬುದೊಂದೇ ಪ್ರಶ್ನೆ. ಮಡ್‌ಗಾರ್ಡು, ಕ್ಯಾರಿಯರು ಕೂರಿಸಲು ಚೌಕಟ್ಟಿನಲ್ಲಿ ತೂತುಗಳಿರಲಿ. ತೋಟದಿಂದ ಬಾಳೆಗೊನೆ ತರುವವರು ಇದನ್ನು ಮರೆಯಬಾರದು.

ಆದರೆ ನನ್ನ ಮೊಣಕಾಲನ್ನು ಕೆಡಿಸಿದುದು ಇವಾವುವೂ ಅಲ್ಲ. ಚೌಕಟ್ಟೇ ನನಗೆ ಒಂದು ಅಳತೆ ಚಿಕ್ಕದಾಗಿತ್ತು. ಸೀಟಿನ ಕಂಬವನ್ನು ಅದರ ಮೇಲಿನ ಗೆರೆ ಮೀರಿ ಎತ್ತುವಂತಿರಲಿಲ್ಲ. ಆದ್ದರಿಂದ ಮಡಿಸಿದ ಕಾಲಿನಲ್ಲೇ ನಿತ್ಯವೂ ತುಳಿದೆ. ಪರೀಕ್ಷೆ ಸುಲಭ. ನಿತ್ಯದ ಜೋಡು ತೊಟ್ಟು ಸೀಟಿನ ಮೇಲೆ ಕುಳಿತು, ಕೆಳಗಿಳಿದ ಪೆಡಲಿನ ಮೇಲೆ ಹಿಮ್ಮಡಿಯಿಟ್ಟರೆ ಕಾಲು ನೇರವಾಗಬೇಕು. ಹ್ಯಾಂಡಲು ಹಿಡಿದಾಗ ಮೊಣಕೈ ತುಸು ಬಾಗಿರಬೇಕು. ಸೋಫಾ ಸೀಟಂತೂ ಅಂಗಡಿಯೊಳಗಿನ ಐದು ನಿಮಿಷಕ್ಕೆ ಮಾತ್ರ ಸುಖ. ಕೂರುವ ಮೂಳೆಗಳಿಗೆ ಆಧಾರವೀಯುವ, ಕೊಂಚ ಗಟ್ಟಿಯಾದ ಸೀಟೇ ದೂರಕ್ಕೆ ಹಿತ.

ಗೆಳೆಯರು ನಿನ್ನೆ ಮೂರು ಸೈಕಲ್ಲುಗಳ ಮೇಲೆ ಹಿಮ್ಮಡಿಯಿಟ್ಟು ನೋಡಿದರಂತೆ. ಅಂಗಡಿಯ ಹುಡುಗ ನಕ್ಕನಂತೆ. ಮೂರನೆಯದು ಹೊಂದಿತು. ನನ್ನ ಹಳೆಯದನ್ನು ಈಗ ಮೊಮ್ಮಗ ತುಳಿಯುತ್ತಿದ್ದಾನೆ. ಬಟ್ಟೆ ಹರವಲು ನನ್ನಾಕೆ ಹಗ್ಗ ಕಟ್ಟಿಸಿಕೊಂಡಿದ್ದಾಳೆ.