ಓದುವ ಹುಡುಗನ ದುಡಿಮೆ ಯಾವ ಲೆಕ್ಕಕ್ಕೆ?

ದೇಶದ ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದು ಇನ್ಫೊಸಿಸ್ ಸ್ಥಾಪಕ ನಾರಾಯಣ ಮೂರ್ತಿಯವರು 2023ರ ಅಕ್ಟೋಬರ್‌ನಲ್ಲಿ ಹೇಳಿದಾಗ ಎದ್ದ ಚರ್ಚೆ ಇನ್ನೂ ಪೂರ್ತಿ ತಣ್ಣಗಾಗಿಲ್ಲ. 2025ರ ಜನವರಿಯಲ್ಲಿ ಲಾರ್ಸನ್ ಅಂಡ್ ಟೂಬ್ರೊ ಅಧ್ಯಕ್ಷರು ಅದನ್ನು 90 ಗಂಟೆಗೆ ಏರಿಸಿದರು. ಇವೆರಡರ ನಡುವೆ, 2024ರ ಜುಲೈನಲ್ಲಿ, ನಮ್ಮ ರಾಜ್ಯದಲ್ಲಿಯೇ ಐಟಿ ವಲಯದ ದಿನದ ದುಡಿಮೆ 12 ಗಂಟೆಯನ್ನೂ ಮೀರಲು ಅವಕಾಶ ಕೊಡುವ ತಿದ್ದುಪಡಿಯ ಪ್ರಸ್ತಾವ ಬಂದು, ನೌಕರರ ಸಂಘಟನೆಗಳ ಪ್ರತಿರೋಧ ಎದುರಿಸಿತು. ಪರವಾಗಿ ಬರೆದವರೂ ವಿರೋಧವಾಗಿ ಬರೆದವರೂ ಒಂದು ಸಂಗತಿಯನ್ನು ಮಾತ್ರ ಒಪ್ಪಿಕೊಂಡೇ ಮುಂದುವರಿದರು. ಅದೆಂದರೆ, ಓದು ಮುಗಿದ ಮೇಲೆ ದುಡಿಮೆ ಆರಂಭವಾಗುತ್ತದೆ ಎಂಬುದು. ನನ್ನ ತಕರಾರು ಇರುವುದು ಅಲ್ಲಿ.

ನಮ್ಮ ಮನೆಯ ಮಹಡಿಯ ಎರಡು ಕೋಣೆಗಳಲ್ಲಿ ಮೂವರು ವಿದ್ಯಾರ್ಥಿಗಳು ಬಾಡಿಗೆಗಿದ್ದಾರೆ. ಅವರಲ್ಲೊಬ್ಬ ತುಮಕೂರು ಜಿಲ್ಲೆಯ ರೈತ ಕುಟುಂಬದವನು, ಬಿ.ಕಾಂ. ಅಂತಿಮ ವರ್ಷದಲ್ಲಿದ್ದಾನೆ. ಬೆಳಿಗ್ಗೆ ಎಂಟೂವರೆಯಿಂದ ಒಂದೂವರೆವರೆಗೆ ತರಗತಿ. ಸಂಜೆ ಆರೂವರೆಯಿಂದ ರಾತ್ರಿ ಹನ್ನೊಂದೂವರೆವರೆಗೆ ಬಾಡಿಗೆ ವಿದ್ಯುತ್ ಸ್ಕೂಟರ್ ಮೇಲೆ ಮನೆ ಮನೆಗೆ ಊಟ ತಲುಪಿಸುವ ಕೆಲಸ. ವಾರದಲ್ಲಿ ಆರು ದಿನ ಇದೇ ಕ್ರಮ. ತರಗತಿ 30 ಗಂಟೆ, ಡೆಲಿವರಿ 30 ಗಂಟೆ, ಕಾಲೇಜಿಗೆ ಹೋಗಿಬರುವ ಬಸ್ಸಿನಲ್ಲಿ ಸುಮಾರು 10 ಗಂಟೆ. ಮೂರ್ತಿಯವರು ಕೇಳಿದ 70 ಗಂಟೆಯನ್ನು ಈ ಹುಡುಗ ಆಗಲೇ ಪೂರೈಸಿದ್ದಾನೆ. ಪುಸ್ತಕ ತೆರೆದು ಓದುವ ಸಮಯ ಇದರಲ್ಲಿ ಸೇರಿಲ್ಲ.

ಭಾನುವಾರ ಮಧ್ಯಾಹ್ನ ಬಿಡುವಾದರೆ ಕೆಳಗಿಳಿದು ಬಂದು ಪತ್ರಿಕೆ ಓದುತ್ತಾನೆ, ಮಾತಾಡುತ್ತಾನೆ. ಅವನ ಮಾತು ಸಿನಿಮಾದಿಂದ ಶುರುವಾಗಿ ಸಂಬಳಕ್ಕೆ, ಅಲ್ಲಿಂದ ಸರ್ಕಾರದ ಯೋಜನೆಗಳಿಗೆ ಹೊರಳುತ್ತದೆ. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿ ಮೂರು ದಶಕ ಕಡತಗಳ ನಡುವೆ ಕಳೆದ ನನಗೆ ಆ ಮಾತುಗಳಲ್ಲಿ ಹಲವು ಹೊಸವೆನಿಸಿವೆ.

ಡಾ. ರಾಜ್‌ಕುಮಾರ್ ಅವರ ಹಳೆಯ ಚಿತ್ರಗಳನ್ನು ಅವನು ಮೊಬೈಲಿನಲ್ಲಿಯೇ ನೋಡಿದ್ದಾನೆ. ಒಂದು ದಿನ ಹೇಳಿದ: ‘ಸರ್, ನಿಮ್ಮ ಕಾಲದ ಹೀರೊಗೆ ಕೆಲಸ ಇರುತ್ತಿತ್ತು. ಈಗಿನವರಿಗೆ ಎಂಟ್ರಿ ಮಾತ್ರ ಇರುತ್ತದೆ.’ ನಗುತ್ತಲೇ ಹೇಳಿದ ಮಾತು. ಆದರೆ ಅದನ್ನು ಪರೀಕ್ಷಿಸಿ ನೋಡಬೇಕೆನಿಸಿತು. 1971ರ ‘ಕಸ್ತೂರಿ ನಿವಾಸ’ದ ನಾಯಕ ಬೆಂಕಿಪೊಟ್ಟಣದ ಕಾರ್ಖಾನೆ ನಡೆಸುವವನು. ಮರುವರ್ಷದ ‘ಬಂಗಾರದ ಮನುಷ್ಯ’ದ ರಾಜೀವ ಬರಡು ನೆಲ ಹಸನು ಮಾಡುವ ಕೃಷಿಕ, ಆ ಚಿತ್ರ ನೋಡಿ ಓದಿದ ಯುವಕರು ಹಳ್ಳಿಗೆ ಮರಳಿದರೆಂಬ ಮಾತು ನನ್ನ ತಲೆಮಾರಿನವರಿಗೆಲ್ಲ ಗೊತ್ತು. 1973ರ ‘ಗಂಧದ ಗುಡಿ’ಯಲ್ಲಿ ಆತ ಅರಣ್ಯಾಧಿಕಾರಿ. ಅನಂತರ 1995ರ ‘ಓಂ’ ಬಂದು ರೌಡಿಸಂ ಒಂದು ವೃತ್ತಿಯೋ ಎಂಬಂತಾಯಿತು. 2006ರ ‘ಮುಂಗಾರು ಮಳೆ’ಯ ಪ್ರೀತಮ್‌ಗೆ ಅಪ್ಪನ ಹಣವಿತ್ತು, ದಿನವಿಡೀ ಪ್ರೀತಿಸಲು ಬಿಡುವೂ ಇತ್ತು. 2018ರಲ್ಲಿ ಬಂದ ‘ಕೆಜಿಎಫ್’ನ ರಾಕಿಗೆ ಬೇಕಾದದ್ದು ಜಗತ್ತು, ತಿಂಗಳ ಸಂಬಳ ಅವನಿಗೆ ಯಾತಕ್ಕೆ?

ಹಳೆಯ ಚಿತ್ರಗಳು ವಾಸ್ತವವನ್ನೇ ತೋರಿಸಿದವು ಎಂದು ನಾನು ವಾದಿಸಲಾರೆ. ಅಲ್ಲಿಯೂ ಒಂದು ಹಾಡು ಮುಗಿಯುವಷ್ಟರಲ್ಲಿ ಬಂಜರು ಹಸಿರಾಗುತ್ತಿತ್ತು. ಆದರೂ ನಾಯಕನ ಗೌರವ ಅವನ ಕಸುಬಿಗೆ ಅಂಟಿಕೊಂಡಿರುತ್ತಿತ್ತು ಎಂಬುದು ನಿಜ. ಈ ಹುಡುಗನಿಗೆ ಇಷ್ಟವಾದ ಈಚಿನ ಚಿತ್ರ 2013ರ ‘ಲೂಸಿಯಾ’. ಅದರ ನಿಕ್ಕಿ ಚಿತ್ರಮಂದಿರದ ಕತ್ತಲಲ್ಲಿ ಟಾರ್ಚ್ ಹಿಡಿದು ಪ್ರೇಕ್ಷಕರಿಗೆ ಸೀಟು ತೋರಿಸುವವನು, ರಾತ್ರಿ ನಿದ್ದೆ ಬಾರದೆ ಒದ್ದಾಡುವವನು. ‘ಅವನಿಗೆ ನಿದ್ದೆ ಬರುತ್ತಿರಲಿಲ್ಲ, ನನಗೆ ನಿದ್ದೆಗೆ ಟೈಮ್ ಇಲ್ಲ, ಅಷ್ಟೇ ವ್ಯತ್ಯಾಸ ಸರ್’ ಎಂದ.

‘ಕೆಜಿಎಫ್’ ವಿಷಯದಲ್ಲಿ ಅವನು ಹೇಳಿದ ಇನ್ನೊಂದು ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. ಅವನ ಸಹಪಾಠಿಯೊಬ್ಬ ನಿಜವಾದ ಕೋಲಾರ ಚಿನ್ನದ ಗಣಿ ಪ್ರದೇಶದವನು. ದಿನವೂ ಮಾರಿಕುಪ್ಪಂನಲ್ಲಿ ರೈಲು ಹತ್ತಿ ಬಂಗಾರಪೇಟೆ ಮಾರ್ಗವಾಗಿ ಬೆಂಗಳೂರಿಗೆ ಬರುತ್ತಾನೆ. ಗಣಿ 2001ರಲ್ಲಿ ಮುಚ್ಚಿತು. ಅಂದಿನಿಂದ ಆ ಊರಿನ ಸಾವಿರಾರು ಜನರಿಗೆ ಅನ್ನ ಬೆಂಗಳೂರಿನ ರೈಲಿನಲ್ಲಿದೆ. ಪರದೆಯ ಕೆಜಿಎಫ್ ದೇಶವೆಲ್ಲ ಸುತ್ತಿ ಬಂತು. ಬೆಳಗಿನ ರೈಲಿನಲ್ಲಿ ನಿಂತುಕೊಂಡೇ ಬರುವ ಕೆಜಿಎಫ್ ಕುರಿತು ಯಾರೂ ಚಿತ್ರ ತೆಗೆದಂತೆ ಕಾಣೆ.

ಸಿನಿಮಾ ತೋರಿಸದಿದ್ದರೆ ಪ್ರಮಾದವೇನಿಲ್ಲ, ಅದು ಅದರ ಇಷ್ಟ. ಸರ್ಕಾರದ ಕಡತಗಳೂ ಈ ಹುಡುಗನನ್ನು ಸರಿಯಾಗಿ ಕಾಣುತ್ತಿಲ್ಲ ಎಂಬುದು ನನ್ನ ಚಿಂತೆ.

ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2017ರಿಂದ ನಡೆಸುತ್ತಿರುವ ನಿಯತಕಾಲಿಕ ಕಾರ್ಮಿಕ ಸಮೀಕ್ಷೆಯನ್ನು ತೆಗೆದುಕೊಳ್ಳಿ. ಅದರ ಒಂದು ಅಳತೆಗೋಲಿನಂತೆ, ಸಮೀಕ್ಷೆಗೆ ಮುಂಚಿನ ಏಳು ದಿನಗಳಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ದುಡಿದಿದ್ದರೂ ವ್ಯಕ್ತಿ ಉದ್ಯೋಗಸ್ಥ. ಇನ್ನೊಂದು ಅಳತೆಯಂತೆ, ವರ್ಷದ ಹೆಚ್ಚು ಕಾಲ ಯಾವುದರಲ್ಲಿ ತೊಡಗಿದ್ದನೋ ಅದೇ ಅವನ ಮುಖ್ಯ ಸ್ಥಿತಿ. ಜೊತೆಗೆ 30 ದಿನಕ್ಕೆ ಕಡಿಮೆಯಿಲ್ಲದಂತೆ ದುಡಿದಿದ್ದರೆ ಅದು ಪೂರಕ ಉದ್ಯೋಗ. ಹಾಗಾಗಿ ಗಣತಿಯವರು ಬಂದು ಇವನನ್ನೇ ಮಾತಾಡಿಸಿದರೆ ಇವನು ಉದ್ಯೋಗಸ್ಥ. ಊರಿನಲ್ಲಿರುವ ಅಪ್ಪನನ್ನು ಕೇಳಿದರೆ, ‘ಮಗ ಬೆಂಗಳೂರಲ್ಲಿ ಓದ್ತಾ ಇದಾನೆ’ ಎಂದಷ್ಟೇ ಉತ್ತರ ಬರುತ್ತದೆ. ಡೆಲಿವರಿಯ ವಿಷಯ ಇವನು ಮನೆಯಲ್ಲಿ ಹೇಳಿಲ್ಲ. ಯುವ ನಿರುದ್ಯೋಗದ ಶೇಕಡಾವಾರು ಅಂಕಿಗಳನ್ನು ಹಿಡಿದು ಟಿ.ವಿ.ಯಲ್ಲಿ ವಾದಿಸುವವರು ಈ ಒಂದು ಗಂಟೆಯ ವ್ಯಾಖ್ಯೆಯನ್ನು ಒಮ್ಮೆ ಓದಿಕೊಂಡರೆ ಒಳಿತು.

ಕಾಲೇಜಿನ ಹಾಜರಿ ಪುಸ್ತಕದಲ್ಲಿ ಇವನು ಬೇರೆಯೇ ವ್ಯಕ್ತಿ: ಶೇ 75ರ ಅಂಚಿನಲ್ಲಿ ತೂಗಾಡುವ, ಮೊದಲ ಪೀರಿಯಡ್‌ಗೆ ತಡವಾಗಿ ಬಂದು ಹಿಂದಿನ ಬೆಂಚಿನಲ್ಲಿ ತೂಕಡಿಸುವ ಬೇಜವಾಬ್ದಾರಿ ವಿದ್ಯಾರ್ಥಿ. ಯೋಜನೆಗಳ ಪಟ್ಟಿಯಲ್ಲಿ ಇವನಿಗೆ ಜಾಗವೇ ಇಲ್ಲ. ಪದವೀಧರರಿಗೆ ತಿಂಗಳಿಗೆ ₹3,000 ಕೊಡುವ ರಾಜ್ಯದ ಯುವನಿಧಿ, ಪದವಿ ಮುಗಿದು ಆರು ತಿಂಗಳಾದರೂ ಕೆಲಸ ಸಿಗದವರಿಗೆ, ಓದು ಮುಂದುವರಿಸಿದವರಿಗಲ್ಲ. ಕೇಂದ್ರದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ತಿಂಗಳಿಗೆ ₹5,000 ಭತ್ಯೆಯೊಂದಿಗೆ 2024ರಲ್ಲಿ ಆರಂಭವಾದಾಗ 21ರಿಂದ 24 ವಯಸ್ಸಿನವರಿಗೆ ಮೀಸಲಾಗಿತ್ತು. ಪೂರ್ಣಾವಧಿ ಓದುತ್ತಿರುವವರನ್ನು ಹೊರಗಿಟ್ಟಿತ್ತು. ಎರಡು ನಿಯಮಗಳಿಗೂ ಅವುಗಳದೇ ತರ್ಕವಿದೆ. ನಾನೇ ಕರಡು ಬರೆಯುವ ಮೇಜಿನಲ್ಲಿದ್ದಿದ್ದರೂ ಹಾಗೆಯೇ ಬರೆಯುತ್ತಿದ್ದೆನೇನೊ. ಆದರೆ ಓದುವವನಿಗೆ ಮನೆಯವರು ಹಣ ಕೊಡುತ್ತಾರೆ ಎಂಬ ಊಹೆ ಅವುಗಳ ಬುಡದಲ್ಲಿದೆ. ಕಡಲೆಕಾಯಿ, ರಾಗಿಯನ್ನು ಮಳೆಗೆ ಒಪ್ಪಿಸಿ ಕುಳಿತ ಮನೆಯಿಂದ ಬೆಂಗಳೂರಿನ ಬಾಡಿಗೆ ಬರುವುದು ಹೇಗೆ?

ನನ್ನ ಓರಗೆಯವರ ಜೊತೆ ಈ ವಿಷಯ ಎತ್ತಿದರೆ, ನಾವೇನು ಸುಖದಲ್ಲಿ ಓದಿದೆವೇ, ನಮ್ಮ ಅಪ್ಪಂದಿರು ವಾರಾನ್ನ ಉಂಡು ಬೀದಿ ದೀಪದಲ್ಲಿ ಓದಲಿಲ್ಲವೇ ಎನ್ನುತ್ತಾರೆ. ಒಪ್ಪತಕ್ಕ ಮಾತೇ. ವಾರಾನ್ನ ಹುಡುಗನ ಅಭಿಮಾನವನ್ನು ನೋಯಿಸಿತು, ಜಾತಿಯ ಗೆರೆಯೊಳಗೇ ಸುತ್ತಿತು. ಆದರೆ ಅದು ಅವನ ಸಂಜೆಯನ್ನು ಕಸಿಯಲಿಲ್ಲ. ಮುಂದೆ ಮಠಗಳ ಉಚಿತ ವಿದ್ಯಾರ್ಥಿನಿಲಯಗಳು, ದೇವರಾಜ ಅರಸರ ಕಾಲದಲ್ಲಿ ವ್ಯಾಪಕವಾದ ಹಿಂದುಳಿದ ವರ್ಗಗಳ ಹಾಸ್ಟೆಲುಗಳು ಹಸಿವಿನ ಜೊತೆಗೆ ಸಮಯದ ಪ್ರಶ್ನೆಯನ್ನೂ ಬಗೆಹರಿಸಿದವು. ಸೇವೆಯಲ್ಲಿದ್ದಾಗ ಹಾಸ್ಟೆಲ್ ಆಯ್ಕೆ ಸಮಿತಿಗಳಲ್ಲಿ ಕುಳಿತಿದ್ದೇನೆ. ಪಟ್ಟಿಯಲ್ಲಿ ಹೆಸರಿಲ್ಲದ ಹುಡುಗ ಮರಳಿ ಊರಿಗೆ ಹೋಗುತ್ತಾನೆಂದು ಆಗ ತಿಳಿದಿದ್ದೆವು. ಈಗ ಅವನು ಊರಿಗೆ ಹೋಗುವುದಿಲ್ಲ. ಆ್ಯಪ್ ಇಳಿಸಿಕೊಂಡು ಲಾಗಿನ್ ಆಗುತ್ತಾನೆ.

ದುಡಿಯುತ್ತ ಓದಿದವರು ಹಿಂದೆಯೂ ಇದ್ದರು. ಎಚ್‌ಎಂಟಿ, ಐಟಿಐ, ಬಿಇಎಲ್ ಕಾರ್ಖಾನೆಗಳಲ್ಲಿ, ಅಕೌಂಟೆಂಟ್ ಜನರಲ್ ಕಚೇರಿಯಲ್ಲಿ ಹಗಲು ದುಡಿದು ಸಂಜೆ ಕಾಲೇಜಿನಲ್ಲಿ ಬಿ.ಕಾಂ., ಕಾನೂನು ಓದಿ ಮೇಲೆ ಬಂದ ಎಷ್ಟೋ ಸಹೋದ್ಯೋಗಿಗಳು ನನಗಿದ್ದರು. ಆ ಏರ್ಪಾಟಿನ ಗುಟ್ಟು ಸರಳ. ಕೆಲಸಕ್ಕೆ ನಿಗದಿತ ವೇಳೆ ಇತ್ತು, ಸಂಬಳಕ್ಕೆ ಖಾತ್ರಿ ಇತ್ತು. ಕಾಲೇಜು ತನ್ನ ವೇಳೆಯನ್ನು ಅದಕ್ಕೆ ಹೊಂದಿಸಿಕೊಂಡಿತು. ಇಂದು ಅದು ತಲೆಕೆಳಗಾಗಿದೆ. ಓದಿಗೆ ವೇಳಾಪಟ್ಟಿ ಇದೆ, ಕೆಲಸಕ್ಕೆ ಇಲ್ಲ. ಅದೂ ಡೆಲಿವರಿಯ ಹೆಚ್ಚು ಗಳಿಕೆ ಇರುವುದು ರಾತ್ರಿ ಊಟದ ಹೊತ್ತಿಗೆ ಮತ್ತು ಮಳೆ ಬಂದಾಗ. ಇಷ್ಟು ಆರ್ಡರ್ ಮುಗಿಸಿದರೆ ಇಷ್ಟು ಪ್ರೋತ್ಸಾಹಧನ ಎಂಬ ಲೆಕ್ಕದಲ್ಲಿ ಕೊನೆಯ ಎರಡು ಆರ್ಡರ್‌ಗಾಗಿ ಹನ್ನೆರಡು ಗಂಟೆಯವರೆಗೆ ರಸ್ತೆಯಲ್ಲಿರುವುದುಂಟು. ಪರೀಕ್ಷೆಯೆಂದು ಎರಡು ವಾರ ಲಾಗಿನ್ ಆಗದಿದ್ದರೆ ತನಗೆ ಆರ್ಡರ್ ಕಡಿಮೆ ಬರುತ್ತದೆ ಎಂದು ಇವನು ನಂಬಿದ್ದಾನೆ. ಅದು ನಿಜವೋ ಸುಳ್ಳೋ ತಿಳಿಯುವ ದಾರಿ ಅವನಿಗಿಲ್ಲ. ಕೇಳೋಣವೆಂದರೆ ಮೇಲಧಿಕಾರಿಯ ಮುಖವೇ ಇಲ್ಲದ ಕೆಲಸ ಅದು.

ಹುಡುಗಿಯರ ಕತೆ ಇನ್ನೊಂದು ಬಗೆ. ಇವನ ತರಗತಿಯ ವಿದ್ಯಾರ್ಥಿನಿಯೊಬ್ಬಳು ಮಧ್ಯಾಹ್ನದ ಮೇಲೆ ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ಜಿಎಸ್‌ಟಿ ರಿಟರ್ನ್ ತುಂಬುತ್ತಾಳೆ. ಹೆಸರಿಗೆ ಇಂಟರ್ನ್‌ಶಿಪ್, ಭತ್ಯೆ ಇಲ್ಲ, ಕೊನೆಗೊಂದು ಪ್ರಮಾಣಪತ್ರ. ಹೋಗಿಬರುವ ಖರ್ಚು ಉಳಿದಿರುವುದು 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ. ಉಚಿತ ಬಸ್ಸನ್ನು ಹಂಗಿಸುವವರು ಇದನ್ನೂ ಗಮನಿಸಲಿ. ಸರ್ಕಾರದ ರಿಯಾಯಿತಿ ಇಲ್ಲಿ ಕೊನೆಗೆ ಸೇರುತ್ತಿರುವುದು ಪುಕ್ಕಟೆ ದುಡಿಮೆ ಪಡೆಯುವ ಕಚೇರಿಯ ಜೇಬಿಗೆ. ಸಂಜೆ ಮನೆಗೆ ಹೋದ ಮೇಲೆ ಅಡುಗೆಮನೆ ಕಾದಿರುತ್ತದೆ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಣ್ಣುಮಕ್ಕಳು ದಿನಕ್ಕೆ ಸರಾಸರಿ 289 ನಿಮಿಷ, ಗಂಡಸರು 88 ನಿಮಿಷ ಅದಕ್ಕಾಗಿ ಕಳೆಯುತ್ತಾರೆ. 70 ಗಂಟೆಯ ಮಾತಾಡಿದವರು ಈ ಗಂಟೆಗಳನ್ನು ಯಾವ ಖಾತೆಗೆ ಬರೆದುಕೊಂಡರೋ ತಿಳಿಯದು.

ಕಾನೂನು ತೀರಾ ಸುಮ್ಮನೆ ಕುಳಿತಿಲ್ಲ ಎಂಬುದನ್ನೂ ಹೇಳಬೇಕು. ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ ಕರ್ನಾಟಕ 2025ರಲ್ಲಿ ತಂದ ಕಾಯ್ದೆ ಒಳ್ಳೆಯ ಹೆಜ್ಜೆ. ಕಾರ್ಮಿಕನಿಗೆ ಕೊಡುವ ಪ್ರತಿ ಪಾವತಿಯ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಗಳಿಂದ ಪಡೆಯಲು ಅದು ಅವಕಾಶ ಕೊಡುತ್ತದೆ. ಕಾರ್ಮಿಕರ ನೋಂದಣಿಗೂ ವಿಶಿಷ್ಟ ಗುರುತಿನ ಸಂಖ್ಯೆಗೂ ದಾರಿ ಮಾಡಿದೆ. ಸ್ವಯಂಚಾಲಿತ ವ್ಯವಸ್ಥೆ ಕೆಲಸ ಹಂಚುವುದು ಹೇಗೆಂಬ ಮಾಹಿತಿ ಕೇಳುವ ಹಕ್ಕನ್ನೂ ಕೊಟ್ಟಿದೆ. ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ಆದರೆ ಅದರಡಿ ಡಿಸೆಂಬರ್‌ನಲ್ಲಿ ಪ್ರಕಟವಾದ ಕರಡು ನಿಯಮಗಳು, ಸೌಲಭ್ಯಕ್ಕೆ ಅರ್ಹನಾಗಲು ಹಣಕಾಸು ವರ್ಷವೊಂದರಲ್ಲಿ ಒಂದೇ ಕಂಪನಿಯಲ್ಲಾದರೆ 90 ದಿನ ದುಡಿದಿರಬೇಕು ಎಂದವು. ಪೂರ್ಣಾವಧಿ ಡೆಲಿವರಿ ಮಾಡುವವನಿಗೆ ಇದೇನೂ ಕಷ್ಟವಲ್ಲ. ಬೇಸಿಗೆ ರಜೆಯ ಎರಡು ತಿಂಗಳು ಮಾತ್ರ ದುಡಿದು ಶುಲ್ಕ ಕೂಡಿಸುವ ವಿದ್ಯಾರ್ಥಿ ಮಾತ್ರ ಹೊರಗುಳಿಯುತ್ತಾನೆ. ಅಪಘಾತ 90 ದಿನ ಕಾಯುತ್ತದೆಯೇ? ಹೊಸಬನಿಗೆ, ರಸ್ತೆ ಗೊತ್ತಿಲ್ಲದವನಿಗೆ, ಮೊದಲ ವಾರವೇ ಹೆಚ್ಚು ಅಪಾಯ.

ವಿದ್ಯಾರ್ಥಿಗಳು ದುಡಿಯಬಾರದೆಂದು ನಿಷೇಧಿಸುವುದು ಮೂರ್ಖತನ. ಹಾಗೆ ಮಾಡಿದರೆ ಅವರು ಕಾಲೇಜು ಬಿಡುತ್ತಾರೆ, ಕೆಲಸವನ್ನಲ್ಲ. ನನ್ನ ಮಟ್ಟಿಗೆ ಆಗಬೇಕಾದ್ದು ಹೆಚ್ಚೇನಿಲ್ಲ. ಕೈಬಿಟ್ಟಂತಾಗಿರುವ ಸಂಜೆ ಕಾಲೇಜಿನ ಪರಿಕಲ್ಪನೆಯನ್ನು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಹೊಸ ರೂಪದಲ್ಲಿ ತರಬಹುದು. ರಾತ್ರಿ ದುಡಿಯುವವರಿಗೆ ಬೇಕಿರುವುದು ಬಹುಶಃ ಮಧ್ಯಾಹ್ನದ ತಂಡ; ಎಂಟೂವರೆಯ ತರಗತಿ ಹನ್ನೊಂದಕ್ಕೆ ಸರಿದರೂ ಎರಡೂವರೆ ಗಂಟೆ ನಿದ್ದೆ ಸಿಕ್ಕೀತು. ಇಂಟರ್ನ್‌ಶಿಪ್‌ಗೆ ಕ್ರೆಡಿಟ್ ಕೊಡುವ ವಿಶ್ವವಿದ್ಯಾಲಯ, ಭತ್ಯೆ ಕೊಟ್ಟಿದ್ದಾರೆಯೇ ಎಂದು ಒಂದು ಸಾಲಿನ ದೃಢೀಕರಣ ಕೇಳಲಿ. ಹಾಸ್ಟೆಲ್ ಸೀಟಿನ ಬೇಡಿಕೆಗೂ ಲಭ್ಯತೆಗೂ ಇರುವ ಅಂತರವನ್ನು ಪ್ರತಿ ಬಜೆಟ್ಟಿನ ಜೊತೆ ತಾಲ್ಲೂಕುವಾರು ಪ್ರಕಟಿಸಲಿ. ಇದಕ್ಕೆ ಹಣ ಬೇಕಿಲ್ಲ, ಸಂಕೋಚ ಬಿಟ್ಟರೆ ಸಾಕು.

ಎಲ್ಲಕ್ಕಿಂತ ಮೊದಲು ಇವರೆಷ್ಟು ಮಂದಿ ಎಂದು ತಿಳಿಯಬೇಕು. ಗಿಗ್ ಕಾರ್ಮಿಕರನ್ನು ನೋಂದಾಯಿಸುವಾಗ, ‘ಪ್ರಸ್ತುತ ವಿದ್ಯಾರ್ಥಿಯೇ? ಹೌದಾದರೆ ಯಾವ ಕಾಲೇಜು?’ ಎಂಬ ಒಂದು ಕಾಲಂ ಸೇರಿಸಿ, ‘ಹೌದು’ ಎಂದವರಿಗೆ ಅಪಘಾತ ವಿಮೆಯನ್ನು ಮೊದಲ ದಿನದಿಂದಲೇ ಅನ್ವಯಿಸಬಹುದು. ಕಾಲಂ ಸೇರಿಸಲು ಕಾಯ್ದೆಯ ತಿದ್ದುಪಡಿ ಬೇಕೆಂದು ನನಗನಿಸದು. ವಿಮೆಗೆ ಆರ್ಥಿಕ ಇಲಾಖೆಯ ಸಹಮತಿ ಬೇಕಾದೀತು. ಕಾಲಂಗೆ ಕಾರ್ಮಿಕ ಇಲಾಖೆಯ ಒಂದು ಸುತ್ತೋಲೆ ಸಾಕು.