ಕೆಲಸ ಹೋದರೆ ಮೊದಲು ಕ್ಲೇಮ್, ಆಮೇಲೆ ಟಿಕೆಟ್

ಯುಎಇಯಲ್ಲಿ ಕೆಲಸ ಹೋಯಿತೆಂದರೆ ನಮ್ಮವರು ಮೊದಲು ನೋಡುವುದು ಮಂಗಳೂರಿನ ಟಿಕೆಟ್. "ಸ್ವಲ್ಪ ದಿನ ಊರಲ್ಲಿ ಇದ್ದು ಮತ್ತೆ ನೋಡೋಣ" ಅಂತ ಮನೆಯವರೂ ಹೇಳ್ತಾರೆ. ಆದರೆ ನಾವೇ ಕಂತು ಕಟ್ಟಿದ ವಿಮೆಯೊಂದು ಅಲ್ಲಿದೆ, ವಿಮಾನ ಹತ್ತಿದರೆ ಅದು ಕೈತಪ್ಪುತ್ತದೆ ಎಂಬುದು ಹಲವರ ಲೆಕ್ಕದಲ್ಲೇ ಇರುವುದಿಲ್ಲ.

ಐಎಲ್‌ಒಇ ಎಂದು ಕರೆಯುವ ಈ ನಿರುದ್ಯೋಗ ವಿಮೆ ಜಾರಿಗೆ ಬಂದದ್ದು 2023ರ ಜನವರಿ 1ರಂದು. ಮೂಲ ವೇತನ 16,000 ದಿರ್ಹಮ್‌ವರೆಗೆ ಇರುವವರಿಗೆ ತಿಂಗಳಿಗೆ 5 ದಿರ್ಹಮ್, ಅದಕ್ಕಿಂತ ಹೆಚ್ಚಿದ್ದರೆ 10 ದಿರ್ಹಮ್ ಕಂತು. ಇದನ್ನು ಮಾಡಿಸಿಕೊಳ್ಳುವ ಹೊಣೆ ಕಂಪೆನಿಯದ್ದಲ್ಲ, ಕೆಲಸಗಾರನದ್ದು. ಮಾಡಿಸದಿದ್ದರೆ 400 ದಿರ್ಹಮ್ ದಂಡ. ಈ ದಂಡದ ಹೆದರಿಕೆಯಿಂದ ಮಾಡಿಸಿದವರಲ್ಲಿ ಅನೇಕರಿಗೆ ಅದರಿಂದ ಏನು ಸಿಗುತ್ತದೆ ಎಂಬುದು ಗೊತ್ತಿಲ್ಲ.

ಸಿಗಬೇಕಾದರೆ ಕನಿಷ್ಠ 12 ತಿಂಗಳು ನಿರಂತರ ವಿಮೆ ಇರಬೇಕು. ನಡುವೆ ನವೀಕರಿಸಲು ಮರೆತರೆ ಕಷ್ಟ. ಕೆಲಸದಿಂದ ಕಂಪೆನಿಯೇ ತೆಗೆದಿರಬೇಕು. ನಾವಾಗಿ ರಾಜೀನಾಮೆ ಕೊಟ್ಟರೆ, ಶಿಸ್ತು ಕ್ರಮದಲ್ಲಿ ಹೊರಹಾಕಿದರೆ, ಕೆಲಸಕ್ಕೆ ಬರದೆ ಓಡಿಹೋದ ಎಂಬ ದೂರು ಇದ್ದರೆ ಏನೂ ಇಲ್ಲ.

ನಾವು ಎಚ್ಚರ ತಪ್ಪುವುದು ಇಲ್ಲೇ. ಕಂಪೆನಿಯೇ ಜನ ಕಡಿಮೆ ಮಾಡುವಾಗಲೂ "ರಾಜೀನಾಮೆ ಬರೆದುಕೊಡು, ನಿನ್ನ ಹೆಸರು ಕೆಡುವುದಿಲ್ಲ" ಎಂಬ ಮಾತು ಬರುವುದುಂಟು. ಕಾಗದ ಓದದೆ ಸಹಿ ಹಾಕಿದರೆ ವಿಮೆಯ ಬಾಗಿಲು ನಾವೇ ಮುಚ್ಚಿದ ಹಾಗೆ. ಮೌಖಿಕವಾಗಿ ಯಾರು ಏನೇ ಹೇಳಲಿ, ವಿಮೆಯವರು ನೋಡುವುದು ದಾಖಲೆಯಲ್ಲಿ ಬರೆದ ಕಾರಣವನ್ನು.

ಎರಡನೆಯದು ಸಮಯ. ಕೆಲಸ ಮುಗಿದ ದಿನದಿಂದ 30 ದಿನಗಳೊಳಗೆ ಅರ್ಜಿ ಹಾಕಬೇಕು. ಕಾರ್ಮಿಕ ದೂರು ನಡೆಯುತ್ತಿದ್ದರೆ ಅದು ಇತ್ಯರ್ಥವಾದ ದಿನದಿಂದ 30 ದಿನ. ಅರ್ಜಿದಾರ ಕಾನೂನುಬದ್ಧವಾಗಿ ಆ ದೇಶದಲ್ಲೇ ಇರಬೇಕು. ದೇಶ ಬಿಟ್ಟರೆ ಅಥವಾ ಬೇರೆ ಕೆಲಸ ಸಿಕ್ಕಿದರೆ ಪರಿಹಾರ ನಿಲ್ಲುತ್ತದೆ. ವೀಸಾ ರದ್ದಾದ ಮೇಲೆ ಎಷ್ಟು ದಿನ ಉಳಿಯಬಹುದು ಎಂಬುದು ವೀಸಾದ ವರ್ಗವನ್ನು ಅವಲಂಬಿಸಿದೆ. ಆದ್ದರಿಂದ ರದ್ದತಿಯ ಕಾಗದದಲ್ಲಿರುವ ದಿನಾಂಕವನ್ನು ಮೊದಲು ನೋಡಿಕೊಳ್ಳಬೇಕು.

ಹಾಗಂತ ಸಿಗುವ ಹಣದ ಬಗ್ಗೆ ದೊಡ್ಡ ಆಸೆ ಇಟ್ಟುಕೊಳ್ಳುವುದೂ ಬೇಡ. ಕೊನೆಯ 6 ತಿಂಗಳ ಸರಾಸರಿ ಮೂಲ ವೇತನದ ಶೇ. 60, ಒಂದು ಸಲಕ್ಕೆ ಹೆಚ್ಚೆಂದರೆ 3 ತಿಂಗಳು. ನಮ್ಮವರ ಸಂಬಳದಲ್ಲಿ ಬೇಸಿಕ್ ಕಡಿಮೆ, ಅಲವೆನ್ಸ್ ಜಾಸ್ತಿ ಇರುವುದು ಸಾಮಾನ್ಯ. ಕೈಗೆ 3,500 ದಿರ್ಹಮ್ ಬರುತ್ತಿದ್ದು ಬೇಸಿಕ್ 2,000 ಮಾತ್ರ ಇದ್ದರೆ ತಿಂಗಳಿಗೆ ಸಿಗುವುದು 1,200. ಬೆಡ್‌ಸ್ಪೇಸ್ ಬಾಡಿಗೆ, ಊಟಕ್ಕೆ ಸಾಕಾದೀತು. ಊರಿಗೆ ಕಳಿಸಲು ಉಳಿಯಲಿಕ್ಕಿಲ್ಲ. ಆದರೂ ಬೇರೆ ಕೆಲಸ ಹುಡುಕುವವನಿಗೆ ಆ ಮೂರು ತಿಂಗಳ ಉಸಿರು ಸಣ್ಣದಲ್ಲ.

ಹೌಸ್ ಡ್ರೈವರ್, ಮನೆಯ ಅಡುಗೆಯವರು ಮುಂತಾದ ಮನೆಕೆಲಸದವರನ್ನು ಈ ಯೋಜನೆಯಿಂದ ಹೊರಗಿಡಲಾಗಿದೆ. ಸೌದಿಯ ನಿರುದ್ಯೋಗ ವಿಮೆ 'ಸಾನೆದ್' ಅಲ್ಲಿನ ಪ್ರಜೆಗಳಿಗೆ ಮಾತ್ರ. ಊರಿಗೆ ಬಂದರೆ ಇಲ್ಲಿನ ಇಎಸ್‌ಐಯ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯೂ ಇಲ್ಲಿ ಇಎಸ್‌ಐ ಕಟ್ಟಿದವರಿಗೇ ಹೊರತು ಗಲ್ಫಿನಿಂದ ಬಂದವರಿಗಲ್ಲ. ಅಂದರೆ ಅತಿ ಕಡಿಮೆ ಸಂಬಳದವನಿಗೆ ಎಲ್ಲಿಯೂ ಆಸರೆ ಇಲ್ಲ. ಈ ಕೊರತೆಯ ಬಗ್ಗೆ ನಮ್ಮ ಜನಪ್ರತಿನಿಧಿಗಳನ್ನು ನಾವು ಕೇಳಲೇಬೇಕು.

ಕೆಲಸ ಕಳೆದುಕೊಂಡವನಿಗೆ ಟಿಕೆಟ್ ಮಾಡಿಕೊಡುವುದರಲ್ಲಿ ನಮ್ಮ ಅನಿವಾಸಿ ಸಂಘಟನೆಗಳು ಹಿಂದೆ ಬಿದ್ದಿಲ್ಲ. ಆದರೆ ಟಿಕೆಟ್‌ಗೆ ಮುಂಚೆ ಮೂರು ಪ್ರಶ್ನೆ ಕೇಳುವ ಅಭ್ಯಾಸವೂ ಬರಲಿ: ವಿಮೆ 12 ತಿಂಗಳು ತುಂಬಿದೆಯಾ? ಪತ್ರದಲ್ಲಿ ರಾಜೀನಾಮೆ ಅಂತ ಇದೆಯಾ, ಕಂಪೆನಿ ತೆಗೆದದ್ದು ಅಂತ ಇದೆಯಾ? ಕೆಲಸ ಮುಗಿದು ಎಷ್ಟು ದಿನ ಆಯಿತು? ಉತ್ತರ ಸರಿ ಇದ್ದರೆ ಅವನು ಯಾರ ಮುಂದೆಯೂ ಕೈಚಾಚಬೇಕಾಗಿಲ್ಲ. ಅದು ಅವನದ್ದೇ ಹಕ್ಕಿನ ಹಣ.