ಹಳೆಯ ಕೊಪ್ಪರಿಗೆ ಕೊಳ್ಳಿ, ಹಳೆಯ ಒಲೆ ಕಟ್ಟಬೇಡಿ

ಸಂಕ್ರಾಂತಿ ಕಳೆಯಿತೆಂದರೆ ಮಲೆನಾಡಿನಲ್ಲಿ ಆಲೆಮನೆಯ ಕಾಲ. ಶಿರಸಿ, ಸಿದ್ದಾಪುರ, ಸಾಗರ, ಸೊರಬದ ಕಡೆ ಗದ್ದೆಯ ಬದಿಯಲ್ಲಿ ಚಪ್ಪರ ಏಳುತ್ತದೆ, ಗಾಣ ತಿರುಗುತ್ತದೆ, ಬಂದವರಿಗೆಲ್ಲ ಕಬ್ಬಿನ ಹಾಲು ಮತ್ತು ನೊರೆಬೆಲ್ಲದ ಉಪಚಾರ ನಡೆಯುತ್ತದೆ. ಬಯಲುಸೀಮೆಯ ಅಚ್ಚುಬೆಲ್ಲದಂತೆ ಗಟ್ಟಿಯಾಗದೆ ಪಾಕದ ರೂಪದಲ್ಲೇ ಉಳಿಯುವ ಜೋನಿ ಬೆಲ್ಲ ಈ ಭಾಗದ ಮನೆಮನೆಯ ಪದಾರ್ಥ. ಈಚೆಗೆ ಅದಕ್ಕೆ ಪೇಟೆಯಲ್ಲಿಯೂ ಗಿರಾಕಿಗಳಿದ್ದಾರೆ.

ಇತ್ತ ಅನೇಕ ಗದ್ದೆಗಳು ಅಡಿಕೆ ತೋಟಗಳಾಗಿವೆ. ಕಬ್ಬು ಬಿಟ್ಟವರ ಮನೆಯ ಅಟ್ಟದಲ್ಲಿ, ಕೊಟ್ಟಿಗೆಯ ಮೂಲೆಯಲ್ಲಿ ಹಳೆಯ ಕೊಪ್ಪರಿಗೆಗಳು ಬೋರಲು ಬಿದ್ದಿವೆ. ಹೊಸದಾಗಿ ಬೆಲ್ಲ ಮಾಡಹೊರಟ ರೈತರು ನಮ್ಮನ್ನು ಪದೇ ಪದೇ ಕೇಳುವ ಪ್ರಶ್ನೆ ಇದು: "ಹಳೆಯ ಕೊಪ್ಪರಿಗೆಯೊಂದು ಸೋವಿಯಾಗಿ ಸಿಗುತ್ತಿದೆ, ತರಬಹುದೇ?" ನನ್ನ ಉತ್ತರ: ಪರೀಕ್ಷಿಸಿ ಅವಶ್ಯವಾಗಿ ತನ್ನಿ. ಆದರೆ ಅದರ ಅಡಿಗೆ ಹಳೆಯ ಕಾಲದ ಒಲೆಯನ್ನೇ ಕಟ್ಟಿದರೆ ಕೊಪ್ಪರಿಗೆಯಲ್ಲಿ ಉಳಿಸಿದ ಹಣ ಕಟ್ಟಿಗೆಯಲ್ಲಿ ಹೋಗುತ್ತದೆ.

ಲೆಕ್ಕ ಏನು ಹೇಳುತ್ತದೆ?

ನೂರು ಕಿ.ಗ್ರಾಂ. ಕಬ್ಬಿನ ಹಾಲಿನಲ್ಲಿ ಕರಗಿರುವ ಘನಾಂಶ ಸುಮಾರು 18 ಕಿ.ಗ್ರಾಂ. ಎಂದಿಟ್ಟುಕೊಳ್ಳೋಣ. ಇದನ್ನು ಶೇಕಡಾ 70ರ ಸಾಂದ್ರತೆಯ ಜೋನಿ ಬೆಲ್ಲ ಮಾಡಿದರೆ ಸಿಗುವುದು ಸುಮಾರು 26 ಕಿ.ಗ್ರಾಂ. ಉಳಿದ 74 ಕಿ.ಗ್ರಾಂ. ನೀರು ಆವಿಯಾಗಿ ಹೋಗಬೇಕು. ಒಂದು ಕಿ.ಗ್ರಾಂ. ನೀರನ್ನು ಆವಿ ಮಾಡಲು 540 ಕಿಲೋ ಕ್ಯಾಲೊರಿ ಶಾಖ ಬೇಕು. ಹಾಲನ್ನು ಕುದಿಯುವ ಮಟ್ಟಕ್ಕೆ ಏರಿಸುವ ಶಾಖವನ್ನೂ ಸೇರಿಸಿದರೆ ಒಟ್ಟು ಸುಮಾರು 47,000 ಕಿಲೋ ಕ್ಯಾಲೊರಿ ಆಗುತ್ತದೆ.

ಚೆನ್ನಾಗಿ ಒಣಗಿದ ಒಂದು ಕಿ.ಗ್ರಾಂ. ಕಟ್ಟಿಗೆಯಿಂದ ಸುಮಾರು 3,500 ಕಿಲೋ ಕ್ಯಾಲೊರಿ ದೊರೆಯುತ್ತದೆ. ಆ ಶಾಖವೆಲ್ಲ ಕೊಪ್ಪರಿಗೆಗೆ ಸೇರುವಂತಿದ್ದರೆ 14 ಕಿ.ಗ್ರಾಂ. ಕಟ್ಟಿಗೆ ಸಾಕಾಗುತ್ತಿತ್ತು. ಆದರೆ ನೆಲದಲ್ಲಿ ಗುಂಡಿ ತೋಡಿ, ಮೇಲೆ ಕೊಪ್ಪರಿಗೆ ಕೂರಿಸಿದ ಒಲೆಯಲ್ಲಿ ಹೆಚ್ಚಿನ ಪಾಲು ಹೊಗೆಯೊಡನೆ, ಬಾಯಿಯ ಮೂಲಕ, ಮಣ್ಣಿನೊಳಗೆ ನಷ್ಟವಾಗುತ್ತದೆ. ಶೇಕಡಾ 15ರಷ್ಟು ಶಾಖ ಮಾತ್ರ ಹಿಡಿಯುವ ಒಲೆಗೆ ನೂರು ಕಿ.ಗ್ರಾಂ. ಹಾಲಿಗೆ 90 ಕಿ.ಗ್ರಾಂ. ಕಟ್ಟಿಗೆ ಬೇಕು. ಶೇಕಡಾ 30 ಹಿಡಿಯುವ ಒಲೆಗೆ 45 ಕಿ.ಗ್ರಾಂ. ಸಾಕು. ಮುನ್ನೂರು ಕಿ.ಗ್ರಾಂ. ಹಾಲಿನ ಇಪ್ಪತ್ತು ಕೊಪ್ಪರಿಗೆ ಇಳಿಸುವ ರೈತರಿಗೆ ಒಂದು ಹಂಗಾಮಿನಲ್ಲಿ ಇದು 2,700 ಕಿ.ಗ್ರಾಂ. ಕಟ್ಟಿಗೆಯ ವ್ಯತ್ಯಾಸ.

ಬೆಟ್ಟದಿಂದ ತಂದ ಕಟ್ಟಿಗೆಗೆ ಬೆಲೆಯಿಲ್ಲ ಎಂದು ತಿಳಿಯುವುದು ತಪ್ಪು. ಕಡಿಯುವ, ಹೊರುವ, ಸೀಳುವ ಆಳಿನ ಕೂಲಿಯೇ ಅದರ ಬೆಲೆ. ಸೊಪ್ಪಿನ ಬೆಟ್ಟದ ಮರಗಳನ್ನು ಒಲೆಗೆ ಸವರಿದಷ್ಟೂ ತೋಟಕ್ಕೆ ಸಿಗುವ ಸೊಪ್ಪು ಕಡಿಮೆಯಾಗುತ್ತದೆ.

ಇನ್ನೊಂದು ಲೆಕ್ಕವನ್ನೂ ಗಮನಿಸಿ. ನೂರು ಕಿ.ಗ್ರಾಂ. ಹಾಲು ತೆಗೆದ ಕಬ್ಬಿನಿಂದ ಸುಮಾರು 70 ಕಿ.ಗ್ರಾಂ. ಹಸಿ ಸಿಪ್ಪೆ ಉಳಿಯುತ್ತದೆ. ಬಿಸಿಲಿಗೆ ಹರವಿ ಗರಿಗರಿಯಾಗಿ ಒಣಗಿಸಿದರೆ ಅದು 37 ಕಿ.ಗ್ರಾಂ. ಆಸುಪಾಸಿಗೆ ಇಳಿಯುತ್ತದೆ. ಒಲೆ ಶೇಕಡಾ 35ರಷ್ಟು ಶಾಖ ಹಿಡಿಯುವಂತಿದ್ದರೆ ಈ ಸಿಪ್ಪೆಯೊಂದೇ ಆ ಹಾಲನ್ನು ಬೆಲ್ಲ ಮಾಡಬಲ್ಲುದು. ಮೊದಲ ಕೆಲವು ದಿನಗಳು ಸಿಪ್ಪೆ ಒಣಗುವವರೆಗೆ ಮಾತ್ರ ಕಟ್ಟಿಗೆ ಬೇಕಾದೀತು. ಅಂದರೆ ನಮ್ಮ ಬೆಟ್ಟದ ಮರ ಸುಡುತ್ತಿರುವುದು ಬೆಲ್ಲಕ್ಕಾಗಿ ಅಲ್ಲ, ಒಲೆಯ ದೋಷಕ್ಕಾಗಿ.

ಮೇಪಲ್ ನಾಡಿನ ಪಾಠ

ಕೆನಡಾದ ಕ್ವಿಬೆಕ್ ಮತ್ತು ಅಮೆರಿಕದ ವರ್ಮಾಂಟ್ ಪ್ರಾಂತಗಳಲ್ಲಿ ಚಳಿಗಾಲದ ಕೊನೆಗೆ ಮೇಪಲ್ ಮರಕ್ಕೆ ತೂತು ಕೊರೆದು, ಸೋರುವ ರಸವನ್ನು ಕುದಿಸಿ ಪಾಕ ಮಾಡುತ್ತಾರೆ. ಆ ರಸದಲ್ಲಿ ಸಕ್ಕರೆ ಇರುವುದು ಶೇಕಡಾ 2 ಮಾತ್ರ. ಸುಮಾರು 40 ಲೀಟರ್ ರಸಕ್ಕೆ ಒಂದು ಲೀಟರ್ ಪಾಕ. ಒಲೆ ಹಾಳಾದರೆ ಕಸುಬೇ ಹಾಳು ಎಂಬುದು ಅವರಿಗೆ ಗೊತ್ತು. ಆದ್ದರಿಂದ ಅವರ ಕಟ್ಟಿಗೆ ಒಲೆಗೆ ಸರಳಿನ ಜಾಲರಿ, ಮುಚ್ಚುವ ಬಾಗಿಲು, ಎತ್ತರದ ಹೊಗೆಕೊಳವೆ ಇರುತ್ತವೆ. ಅದರ ಮೇಲೆ ಚಪ್ಪಟೆ ಬಾಣಲೆಗಳನ್ನು ಸಾಲಾಗಿ ಇಡುತ್ತಾರೆ. ಹಿಂದಿನ ಬಾಣಲೆಯಲ್ಲಿ ತೆಳು ರಸ ಕುದಿಯುತ್ತದೆ, ಮುಂದಿನದರಲ್ಲಿ ಪಾಕ ಹದಕ್ಕೆ ಬರುತ್ತದೆ.

ಅಲ್ಲಿಯೂ ಹಳೆಯ ಒಲೆ, ಬಾಣಲೆಗಳ ಮಾರಾಟ ಉಂಟು. ಕೊಳ್ಳುವವರು ಮೊದಲು ಬೆಸುಗೆಯನ್ನು ನೋಡುತ್ತಾರೆ. 1990ರ ದಶಕದ ನಡುಭಾಗದವರೆಗೆ ತಯಾರಾದ ಅನೇಕ ಬಾಣಲೆಗಳ ಬೆಸುಗೆಯಲ್ಲಿ ಸೀಸ ಸೇರಿದೆ. ಅದು ಪಾಕಕ್ಕೆ ಇಳಿದರೆ ವಿಷ; ನೀರು ಆವಿಯಾದಂತೆ ಅದರ ಸಾಂದ್ರತೆಯೂ ಏರುತ್ತದೆ. ಇದೇ ಎಚ್ಚರ ನಮಗೂ ಬೇಕು.

ಕೊಪ್ಪರಿಗೆ ಕೊಳ್ಳುವ ಮುನ್ನ

ಮೊದಲು ನೀರು ತುಂಬಿ ಒಂದು ರಾತ್ರಿ ಬಿಡಿ. ಹೊರಮೈ ಒದ್ದೆಯಾದ ಜಾಗದಲ್ಲಿ ಬಿರುಕು ಇದೆ. ತಳವನ್ನು ಬೆರಳಿನಿಂದ ತಟ್ಟುತ್ತ ಹೋಗಿ. ಸದ್ದು ಬದಲಾದ ಕಡೆ ತಗಡು ತೆಳುವಾಗಿರಬಹುದು. ಬೂದುಬಣ್ಣದ ಮೆತ್ತನೆಯ ಬೆಸುಗೆಯ ತೇಪೆ ಕಂಡರೆ ಅಂಥದ್ದನ್ನು ಬಿಡಿ. ಕಬ್ಬಿನ ಹಾಲು ಸ್ವಲ್ಪ ಹುಳಿಗುಣದ್ದು. ಸತುವಿನ ಲೇಪವಿರುವ ತಗಡಿನಲ್ಲಿ ಕುದಿಸಿದರೆ ಸತು ಕರಗುತ್ತದೆ. ತಾಮ್ರದ ಪಾತ್ರೆಯಾದರೆ ಕಿಲುಬನ್ನು ಪೂರ್ತಿ ತೆಗೆದು ಕಲಾಯಿ ಮಾಡಿಸಬೇಕು. ರಾಸಾಯನಿಕ ತುಂಬಿದ್ದ ಪೀಪಾಯಿಯನ್ನು ಸೀಳಿ ಮಾಡಿದ ಬಾಣಲೆ ಪುಕ್ಕಟೆ ಸಿಕ್ಕರೂ ಬೇಡ.

ಎಲ್ಲಕ್ಕಿಂತ ಮುಖ್ಯವಾದದ್ದು ಕೊಪ್ಪರಿಗೆಯ ಬಳೆಗಳು. ಅವುಗಳಲ್ಲಿ ಗಳು ತೂರಿಸಿ ಕುದಿಯುವ ಪಾಕವನ್ನು ಇಳಿಸುತ್ತೇವೆ. ಬಳೆ ಹಿಡಿದ ಮೊಳೆಗಳು ಸವೆದಿದ್ದರೆ ಒಂದು ಬದಿ ಕಳಚಿ ಪಾಕ ಮೈಮೇಲೆ ಬೀಳುತ್ತದೆ. ಆಲೆಮನೆಯ ಸುತ್ತ ಮಕ್ಕಳು ಇರುತ್ತಾರೆ. ಆದ್ದರಿಂದ ಬಳೆಗಳನ್ನು ಹೊಸದಾಗಿ ಕೂರಿಸಿ, ನೀರು ತುಂಬಿ ಎತ್ತಿ ನೋಡದೆ ಬೆಂಕಿ ಹಾಕಬಾರದು.

ಒಲೆ ಕಟ್ಟುವಾಗ

ಶಿರಸಿ ತಾಲ್ಲೂಕಿನ ರೈತರೊಬ್ಬರು ಹಳೆಯ ಕೊಪ್ಪರಿಗೆ ತಂದು, ತಂದೆಯ ಕಾಲದ ಅಳತೆಯಲ್ಲೇ ಒಲೆ ಕಟ್ಟಿದರು. ಕೊಪ್ಪರಿಗೆ ಒಲೆಯೊಳಗೆ ಆಳವಾಗಿ ಕುಳಿತಿತ್ತು. ಹಾಲು ಇಂಗಿ ಮಟ್ಟ ಇಳಿದಂತೆ ಬರಿದಾದ ಬದಿಗೆ ಬೆಂಕಿ ತಗುಲಿ, ಅಂಟಿದ ಪಾಕ ಕರಿದಾಯಿತು. ಮೂರು ಕೊಪ್ಪರಿಗೆ ಬೆಲ್ಲ ಕಪ್ಪಾಗಿ ಕಹಿಯಾಯಿತು. ನಾನು ಹೋಗಿ, ಹೊಗೆಕೊಳವೆ ಹಾಕಿಸಿ ಎಂದು ಸಲಹೆ ಕೊಟ್ಟು ಬಂದೆ. ಅವರು ಹಾಕಿಸಿದರು, ಕಟ್ಟಿಗೆ ಮೊದಲಿಗಿಂತ ಹೆಚ್ಚು ಉರಿಯಿತು! ಕೊಳವೆಯ ಬಾಯಿಗೆ ತಡೆಯಿಲ್ಲದೆ ಜ್ವಾಲೆ ತಳಕ್ಕೆ ತಾಗುವ ಮೊದಲೇ ನೆಟ್ಟಗೆ ಹೊರಗೆ ಓಡುತ್ತಿತ್ತು. ತಪ್ಪು ನನ್ನ ಅರೆಬರೆ ಸಲಹೆಯದು. ಮರುವರ್ಷ ಇಬ್ಬರೂ ಸೇರಿ ಸರಿಪಡಿಸಿದೆವು. ಆ ಅನುಭವದಿಂದ ಈ ಅಂಶಗಳನ್ನು ಹೇಳುತ್ತಿದ್ದೇನೆ:

1. ಹೊರಗೋಡೆಗೆ ಚಿರೇಕಲ್ಲು ಸಾಕು, ಒಳಗೆ ಸುಟ್ಟ ಇಟ್ಟಿಗೆ ಇರಲಿ. ಸಿಮೆಂಟಿನ ಗಾರೆ ಬೆಂಕಿಗೆ ಬಿರಿಯುತ್ತದೆ. ಭತ್ತದ ಹೊಟ್ಟು ಸೇರಿಸಿ ಕಲಸಿದ ಜೇಡಿಮಣ್ಣು ಬಳಸಿ.

2. ಬೆಂಕಿ ನೆಲದ ಮೇಲಲ್ಲ, ಬೀಡುಕಬ್ಬಿಣದ ಸರಳುಗಳ ಮೇಲೆ ಉರಿಯಬೇಕು. ಕೆಳಗೆ ಬೂದಿಗುಂಡಿ ಇದ್ದು, ಗಾಳಿ ಸರಳುಗಳ ಸಂದಿಯಿಂದಲೇ ಏರಬೇಕು. ಕಟ್ಟಿಗೆ ಹಾಕುವ ಬಾಯಿಗೆ ತಗಡಿನ ಬಾಗಿಲು ಇರಲಿ.

3. ಜ್ವಾಲೆಯ ತುದಿ ತಳಕ್ಕೆ ತಾಗಬೇಕು, ಕಟ್ಟಿಗೆ ತಾಗಬಾರದು. ಪಾಕವಾದಾಗ ಉಳಿಯುವ ಮಟ್ಟಕ್ಕಿಂತ ಮೇಲಿನ ಬದಿಗೆ ಬೆಂಕಿ ಸೋಕದಂತೆ ಇಟ್ಟಿಗೆಯ ಅಂಚಿನ ಮೇಲೆ ಕೊಪ್ಪರಿಗೆ ಕೂರಿಸಿ, ಸಂದಿಗೆ ಮಣ್ಣು ಮೆತ್ತಿ.

4. ಬಾಯಿಯ ಎದುರು ಬದಿಗೆ ಹೊಗೆಕೊಳವೆ ಬರಲಿ, ಚಪ್ಪರಕ್ಕಿಂತ ಎತ್ತರವಿರಲಿ. ಅದರ ಮುಂದೆ ಒಲೆಯೊಳಗೆ ಇಟ್ಟಿಗೆಯ ಅಡ್ಡಗಟ್ಟೆ ಕಟ್ಟಿದರೆ ಜ್ವಾಲೆ ಮೇಲಕ್ಕೆದ್ದು ತಳವನ್ನು ಸವರಿ ಹೋಗುತ್ತದೆ. ಕೊಳವೆಗೆ ಎಳೆದು ಮುಚ್ಚುವ ತಗಡನ್ನೂ ಕೂರಿಸಿ.

5. ಒಲೆಗೂ ಹೊಗೆಕೊಳವೆಗೂ ನಡುವೆ, ಬಿಸಿಹೊಗೆ ಹಾಯುವ ದಾರಿಯ ಮೇಲೆ ಚಪ್ಪಟೆ ತಳದ ಎರಡನೆಯ ಬಾಣಲೆ ಇಡಿ. ಮುಂದಿನ ಕೊಪ್ಪರಿಗೆಯ ಹಾಲು ಅಲ್ಲಿಯೇ ಬಿಸಿಯಾಗುತ್ತದೆ. ಒಟ್ಟು ಶಾಖದಲ್ಲಿ ಏಳನೆಯ ಒಂದು ಪಾಲು ಹಾಲನ್ನು ಕುದಿಗೆ ತರಲು ಹೋಗುವುದರಿಂದ ಈ ಉಳಿತಾಯ ಸಣ್ಣದಲ್ಲ.

ನೀರಿನ ಪರೀಕ್ಷೆ

ಕಟ್ಟಿದ ಒಲೆ ನೆರಳಿನಲ್ಲಿ ಒಣಗಲಿ. ಆಮೇಲೆ ಕೆಲವು ದಿನ ಸಣ್ಣ ಉರಿ ಹಾಕಿ. ಕಬ್ಬು ಕಡಿಯುವ ಮೊದಲು ಬರೀ ನೀರು ಕುದಿಸಿ ನೋಡಿ. ಕುದಿ ಬಂದ ಮೇಲೆ ಒಂದು ಕೋಲಿನಿಂದ ನೀರಿನ ಮಟ್ಟ ಗುರುತಿಸಿ, ತೂಗಿದ 50 ಕಿ.ಗ್ರಾಂ. ಒಣ ಕಟ್ಟಿಗೆ ಉರಿಸಿ. ಆರಿದ ಮೇಲೆ ಮೊದಲಿನ ಗುರುತಿಗೆ ಬರುವವರೆಗೆ ಅಳೆದು ನೀರು ಸುರಿಯಿರಿ. ನೂರು ಲೀಟರ್ ಹಿಡಿಸಿದರೆ ಒಲೆ ಉತ್ತಮ. ಐವತ್ತನ್ನೂ ಮುಟ್ಟದಿದ್ದರೆ ಆ ಒಲೆಯನ್ನು ಕಿತ್ತು ಕಟ್ಟುವುದೇ ಲೇಸು. ಈ ಪರೀಕ್ಷೆಗೆ ತಕ್ಕಡಿ, ಕೊಡಪಾನ ಸಾಕು, ವಿಜ್ಞಾನಿ ಬೇಕಿಲ್ಲ.

ಅದೇ ದಿನ ಉಷ್ಣಮಾಪಕವನ್ನೂ ಕುದಿಯುವ ನೀರಿಗೆ ಹಿಡಿದು ಅಂಕಿ ಬರೆದಿಡಿ. ಘಟ್ಟದ ಮೇಲೆ ನೀರು 100 ಡಿಗ್ರಿಗೆ ಮೊದಲೇ ಕುದಿಯುತ್ತದೆ; ಶಿರಸಿಯ ಎತ್ತರದಲ್ಲಿ ಸುಮಾರು 98 ಡಿಗ್ರಿ ಸೆ. ಆ ಅಂಕಿಗಿಂತ 5ರಿಂದ 6 ಡಿಗ್ರಿ ಮೇಲೇರಿದಾಗ ಜೋನಿ ಬೆಲ್ಲದ ಹದ. ಅದಕ್ಕಿಂತ ಮುಂಚೆ ಇಳಿಸಿದರೆ ಹುಳಿ ಬರುತ್ತದೆ, ತಡವಾದರೆ ಹರಳುಗಟ್ಟುತ್ತದೆ.

ಕೊನೆಯ ಮಾತು

"ನಮ್ಮ ಅಜ್ಜನ ಒಲೆಯಲ್ಲಿ ಒಳ್ಳೆಯ ಬೆಲ್ಲ ಆಗುತ್ತಿರಲಿಲ್ಲವೇ?" ಎಂದು ಹಿರಿಯರು ಕೇಳುತ್ತಾರೆ. ಖಂಡಿತ ಆಗುತ್ತಿತ್ತು. ಅಜ್ಜನಿಗೆ ಬೆಟ್ಟದ ತುಂಬ ಕಟ್ಟಿಗೆಯಿತ್ತು, ಮನೆಯ ತುಂಬ ಜನರಿದ್ದರು. ಇಂದು ಎರಡೂ ಇಲ್ಲ. ನಮ್ಮ ಕಡೆಯ ತಪ್ಪನ್ನೂ ಒಪ್ಪಬೇಕು. ಮೇಳಗಳಲ್ಲಿ ನಾವು ತೋರಿಸುವ ಹೊಳೆಯುವ ಉಕ್ಕಿನ ಘಟಕಗಳು ಅರ್ಧ ಎಕರೆ ಕಬ್ಬಿನವರಿಗೆ ಎಟುಕುವುದಿಲ್ಲ. ಊರಿನ ಗಾರೆ ಕೆಲಸದವನು ಕಟ್ಟಬಲ್ಲ ಒಲೆಯನ್ನು ತೋರಿಸುವುದು ನಮ್ಮ ಮೊದಲ ಕೆಲಸವಾಗಬೇಕು.

ಲಾಳ ಸಿಕ್ಕಿತೆಂದು ಕುದುರೆ ಕೊಳ್ಳಲು ಹೊರಟಂತೆ, ಕೊಪ್ಪರಿಗೆ ಸಿಕ್ಕಿತೆಂದು ಅವಸರದಲ್ಲಿ ಆಲೆಮನೆ ಹೂಡಬೇಡಿ. ಕೇರಿಯ ನಾಲ್ಕು ಮನೆಯವರು ಸೇರಿ ಒಂದು ಒಳ್ಳೆಯ ಒಲೆ ಕಟ್ಟಿ, ಸರದಿಯಂತೆ ಬಳಸಿ. ಈ ಹಂಗಾಮಿನಲ್ಲಿ ಕಟ್ಟಿಗೆಯನ್ನು ತೂಗಿ, ಇಳಿದ ಬೆಲ್ಲವನ್ನೂ ತೂಗಿ ಬರೆದಿಡಿ. ಒಲೆ ಹೇಗಿದೆ ಎಂಬುದನ್ನು ಆ ಎರಡು ಅಂಕಿಗಳೇ ಹೇಳುತ್ತವೆ.